ಲೆಕ್ಕ ಬರೆಯಲು ಕಲಿಯೋಣ: ಒಂದು ವ್ಯಾಪಾರ, ಒಂದು ತಿಂಗಳು, ಎರಡು ಪ್ರಶ್ನೆ

ಒಂದು ಸಣ್ಣ ವ್ಯಾಪಾರ. ಶುರುವಾಗಿ ಒಂದೇ ತಿಂಗಳು. ಬ್ಯಾಂಕ್ ಖಾತೆಯಲ್ಲಿ 66,000 ಇದೆ. ಹಾಗಾದರೆ ಈ ತಿಂಗಳು ಲಾಭ ಎಷ್ಟು?

ಬ್ಯಾಂಕ್ ಬ್ಯಾಲೆನ್ಸ್ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಅದರಲ್ಲಿ ಸಾಲದ ಹಣ ಇರಬಹುದು. ಮಾಲೀಕರು ತಾವೇ ಹಾಕಿದ ಹಣ ಇರಬಹುದು. ಯಾರಿಗೋ ಕೊಡಬೇಕಾದದ್ದು ಇನ್ನೂ ಕೊಡದೆ ಅಲ್ಲೇ ಉಳಿದಿರಬಹುದು. ಈ ಗೋಜಲು ಬಿಡಿಸಲಿಕ್ಕೇ ಲೆಕ್ಕ ಬರೆಯುವುದು.

ನಾನು ಬಹಳ ಕಾಲದಿಂದ ಲೆಕ್ಕ ಬರೆಯುತ್ತಿದ್ದೇನೆ, ಹೊಸಬರಿಗೆ ಹೇಳಿಕೊಟ್ಟೂ ಇದ್ದೇನೆ. ಜಾಸ್ತಿ ಜನ ಎಡವುವುದು ಕೂಡಿ ಕಳೆಯುವಲ್ಲಿ ಅಲ್ಲ. ನಿಯಮ ಬಾಯಿಪಾಠ ಮಾಡಿಕೊಂಡು, ನಡೆದ ವ್ಯವಹಾರ ಏನು ಅಂತ ನೋಡದೆ ಬರೆಯುತ್ತಾರಲ್ಲ, ಅಲ್ಲಿ. ಹಾಗಾಗಿ ಎರಡೇ ಪ್ರಶ್ನೆ ಹಿಡಿದುಕೊಂಡು ಹೋಗೋಣ: ಏನು ಬಂತು? ಅದು ಎಲ್ಲಿಂದ ಬಂತು? ಆ ವ್ಯಾಪಾರದ ಒಂದು ತಿಂಗಳ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಜೊತೆಯಲ್ಲೇ ಬರೆಯೋಣ. ದಯವಿಟ್ಟು ಪೆನ್ನು, ಹಾಳೆ ಇಟ್ಟುಕೊಂಡು ಕೂತುಕೊಳ್ಳಿ. ಕಣ್ಣಲ್ಲಿ ಓದಿದ ಲೆಕ್ಕ ಮರೆತುಹೋಗುತ್ತದೆ, ಕೈಯಲ್ಲಿ ಬರೆದದ್ದು ಉಳಿಯುತ್ತದೆ.

ಹಂತ 1: ಐದು ಗುಂಪುಗಳ ಪರಿಚಯ

ಲೆಕ್ಕದಲ್ಲಿ ಶಬ್ದಗಳು ನೂರಾರು ಇವೆ. ಆದರೆ ಯಾವ ಖಾತೆಯೇ ಆಗಲಿ, ಐದು ಗುಂಪಿನಲ್ಲಿ ಒಂದಕ್ಕೆ ಸೇರಲೇಬೇಕು.

ಆಸ್ತಿ ಅಂದರೆ ವ್ಯಾಪಾರದ ಕೈಯಲ್ಲಿರುವ, ಮುಂದೆ ಉಪಯೋಗಕ್ಕೆ ಬರುವ ವಸ್ತು ಅಥವಾ ಹಕ್ಕು. ನಗದು, ಬ್ಯಾಂಕಿನಲ್ಲಿರುವ ಹಣ, ಗಾಡಿ, ಮಾರಾಟಕ್ಕಿಟ್ಟ ಸರಕು ಎಲ್ಲ ಆಸ್ತಿಯೇ. ಗಿರಾಕಿಯಿಂದ ಬರಬೇಕಾದ ಬಾಕಿಯೂ ಆಸ್ತಿ. ಕೈಗೆ ಬಾರದ ಹಣ ಆಸ್ತಿ ಹೇಗೆ ಅಂತ ಹೊಸಬರು ಕೇಳುತ್ತಾರೆ. ಆ ಹಣ ಕೇಳುವ ಹಕ್ಕು ನಿಮ್ಮದು ತಾನೇ? ಆ ಹಕ್ಕಿಗೇ ಬೆಲೆ ಇದೆ.

ಹೊಣೆ ಅಂದರೆ ಹೊರಗಿನವರಿಗೆ ವ್ಯಾಪಾರ ಕೊಡಬೇಕಾದದ್ದು: ಬ್ಯಾಂಕ್ ಸಾಲ, ಸರಕು ಕೊಟ್ಟವರ ಬಾಕಿ, ಇನ್ನೂ ಕೊಡದ ಸಂಬಳ. ಇದನ್ನೇ ಲಯಬಿಲಿಟಿ ಅಂತಲೂ ಕರೆಯುತ್ತಾರೆ.

ಬಂಡವಾಳ ಅಂದರೆ ವ್ಯಾಪಾರದಲ್ಲಿ ಮಾಲೀಕರ ಪಾಲು. ಆಸ್ತಿಯೆಲ್ಲ ಕೂಡಿ, ಹೊಣೆಯೆಲ್ಲ ಕಳೆದರೆ ಉಳಿಯುವುದು ಅದು.

ಆದಾಯ ಆ ಪಾಲನ್ನು ಹೆಚ್ಚಿಸುತ್ತದೆ. ಖರ್ಚು ಅದನ್ನು ಕಡಿಮೆ ಮಾಡುತ್ತದೆ.

ಇವನ್ನೆಲ್ಲ ಹಿಡಿದಿಡುವ ಸಮೀಕರಣ ಒಂದೇ:

ಆಸ್ತಿ = ಹೊಣೆ + ಬಂಡವಾಳ

ಇದರಲ್ಲಿ ನಿಗೂಢ ಏನೂ ಇಲ್ಲ. ಎಡಗಡೆ ವ್ಯಾಪಾರದಲ್ಲಿ ಏನಿದೆ ಅಂತ ಹೇಳುತ್ತದೆ. ಬಲಗಡೆ ಅದಕ್ಕೆ ಹಣ ಯಾರದು ಅಂತ ಹೇಳುತ್ತದೆ. ಒಂದೇ ಮೊತ್ತವನ್ನು ಎರಡು ಕಡೆಯಿಂದ ನೋಡಿದ್ದರಿಂದ ಎರಡೂ ಸಮ ಇರಲೇಬೇಕು. ನಮ್ಮ ಎರಡು ಪ್ರಶ್ನೆ ಹುಟ್ಟಿದ್ದೂ ಇಲ್ಲಿಂದಲೇ.

ಇಲ್ಲೇ ಮೊದಲ ತತ್ವ ಕಲಿತುಬಿಡೋಣ: ಲೆಕ್ಕದಲ್ಲಿ ವ್ಯಾಪಾರ ಬೇರೆ, ಮಾಲೀಕರು ಬೇರೆ. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ ಆಗಿರುವ ಒಬ್ಬರದೇ ವ್ಯಾಪಾರದಲ್ಲೂ ಹಾಗೇ. ಮಾಲೀಕರು ಹಣ ಹಾಕಿದರೆ ವ್ಯಾಪಾರ ಅವರಿಗೆ ಅಷ್ಟು ಕೊಡಬೇಕು ಅಂತ ಬರೆಯುತ್ತೇವೆ. ಮನೆಗೆ ಅಂತ ಹಣ ತೆಗೆದರೆ ಅದು ವ್ಯಾಪಾರದ ಖರ್ಚಲ್ಲ. ಅವರ ಪಾಲಿನಿಂದ ಅವರೇ ತೆಗೆದುಕೊಂಡಂತೆ. ಅದಕ್ಕೆ ಡ್ರಾಯಿಂಗ್ಸ್ ಅಂತ ಬೇರೆ ಖಾತೆ. ಸಣ್ಣ ವ್ಯಾಪಾರಗಳ ಲೆಕ್ಕ ಕೆಡುವುದು ಬಹುತೇಕ ಇಲ್ಲೇ. ಮನೆಯ ಕರೆಂಟ್ ಬಿಲ್ಲು ವ್ಯಾಪಾರದ ಖರ್ಚಿನಲ್ಲಿ ಸೇರಿಕೊಂಡರೆ ನಿಜವಾದ ಲಾಭ ಎಷ್ಟು ಅಂತ ಮಾಲೀಕರಿಗೇ ತಿಳಿಯುವುದಿಲ್ಲ. ಬೇರೆ ಏನನ್ನೂ ಮಾಡದಿದ್ದರೂ ಪರವಾಗಿಲ್ಲ, ವ್ಯಾಪಾರಕ್ಕೆ ಅಂತ ಬೇರೆ ಬ್ಯಾಂಕ್ ಖಾತೆ ತೆರೆಯಿರಿ.

ಹಂತ 2: ನಡೆದದ್ದನ್ನು ಕಾಗದದ ಸಮೇತ ಜೋಡಿಸಿ

ನಮ್ಮ ವ್ಯಾಪಾರ ನೋಟ್‌ಬುಕ್ ಕೊಂಡು ಮಾರುವುದು. ಮೊದಲ ತಿಂಗಳಲ್ಲಿ ನಡೆದದ್ದು ಇಷ್ಟು. ಹಣ ಬಂದದ್ದು, ಹೋದದ್ದು ಎಲ್ಲ ಬ್ಯಾಂಕ್ ಮೂಲಕವೇ ಅಂದುಕೊಳ್ಳಿ.

1. ಮಾಲೀಕರು ವ್ಯಾಪಾರದ ಖಾತೆಗೆ 1,00,000 ಹಾಕಿದರು.
2. ತಿಂಗಳ ಮೊದಲ ದಿನವೇ ಬ್ಯಾಂಕಿನಿಂದ 50,000 ಸಾಲ ಸಿಕ್ಕಿತು. ಬಡ್ಡಿ ವರ್ಷಕ್ಕೆ 12 ಪರ್ಸೆಂಟ್.
3. ಸರಕು ಸಾಗಿಸಲು 60,000 ಕೊಟ್ಟು ಗಾಡಿ ಕೊಂಡರು.
4. ಒಂದಕ್ಕೆ 40ರಂತೆ 1,000 ನೋಟ್‌ಬುಕ್ ಸಾಲಕ್ಕೆ ತಂದರು. ಒಟ್ಟು 40,000.
5. ಮೂರು ತಿಂಗಳ ಬಾಡಿಗೆ 9,000 ಒಟ್ಟಿಗೇ ಕಟ್ಟಿದರು.
6. ಒಂದಕ್ಕೆ 60ರಂತೆ 750 ನೋಟ್‌ಬುಕ್ ಮಾರಿದರು. ಒಟ್ಟು 45,000. ಅದರಲ್ಲಿ 15,000 ಬಂತು, 30,000 ಬಾಕಿ.
7. ಸರಕು ಕೊಟ್ಟವರಿಗೆ 25,000 ಕೊಟ್ಟರು.
8. ಮಾಲೀಕರು ಮನೆಗೆ ಅಂತ 5,000 ತೆಗೆದರು.

ಇವುಗಳಲ್ಲಿ ಒಂದೊಂದಕ್ಕೂ ಒಂದು ಕಾಗದ ಬೇಕು. ಬಿಲ್ಲು, ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲು, ಸಾಲದ ಪತ್ರ, ಏನಾದರೂ ಸರಿ. ಇದನ್ನು ಓಚರ್ ಅನ್ನುತ್ತಾರೆ. ಬಿಲ್ಲೇ ಸಿಗದ ಸಣ್ಣ ಖರ್ಚಿಗೆ ನೀವೇ ಒಂದು ಚೀಟಿ ಬರೆಯಿರಿ: ತಾರೀಖು, ಯಾರಿಗೆ, ಯಾತಕ್ಕೆ, ಎಷ್ಟು, ಹಣ ಪಡೆದವರ ಸಹಿ. ಆರು ತಿಂಗಳಾದ ಮೇಲೆ "ಈ 1,200 ಯಾತಕ್ಕೆ ಕೊಟ್ಟದ್ದು?" ಅಂತ ಯಾರಾದರೂ ಕೇಳಿದರೆ ಉತ್ತರ ಹೇಳುವುದು ಆ ಚೀಟಿ, ನಿಮ್ಮ ನೆನಪಲ್ಲ.

ಇನ್ನೊಂದು ಮಾತು. ಹಣದಲ್ಲಿ ಅಳೆಯಲು ಆಗುವುದು ಮಾತ್ರ ಪುಸ್ತಕಕ್ಕೆ ಬರುತ್ತದೆ. ಮಾಲೀಕರ ಒಳ್ಳೆಯ ಹೆಸರು, ಕೆಲಸಗಾರರ ನಿಷ್ಠೆ ವ್ಯಾಪಾರಕ್ಕೆ ಎಷ್ಟೇ ಮುಖ್ಯವಾದರೂ ಇಲ್ಲಿ ಅವಕ್ಕೆ ಸಾಲಿಲ್ಲ. ಲೆಕ್ಕಪುಸ್ತಕ ಓದುವಾಗ ಈ ಮಿತಿ ನೆನಪಿರಲಿ.

ಹಂತ 3: ಡೆಬಿಟ್, ಕ್ರೆಡಿಟ್ ಭಯ ಬಿಡಿ

ಎಲ್ಲರೂ ತಡವರಿಸುವ ಜಾಗ ಇದು, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಪ್ರತಿ ಖಾತೆಗೂ ಎರಡು ಬದಿ. ಎಡಬದಿಗೆ ಡೆಬಿಟ್ ಅಂತ ಹೆಸರು, ಬಲಬದಿಗೆ ಕ್ರೆಡಿಟ್ ಅಂತ ಹೆಸರು. ಅಷ್ಟೇ. ಡೆಬಿಟ್ ಅಂದರೆ ಕೆಟ್ಟದ್ದು, ಕ್ರೆಡಿಟ್ ಅಂದರೆ ಒಳ್ಳೆಯದು ಅಂತ ಏನೂ ಇಲ್ಲ. ಕನ್ನಡ ಪಠ್ಯಗಳಲ್ಲಿ ಡೆಬಿಟ್‌ಗೆ "ಖರ್ಚು", ಕ್ರೆಡಿಟ್‌ಗೆ "ಜಮಾ" ಅಂತ ಬರೆಯುವುದುಂಟು. ಅದನ್ನು ಓದಿದವರಿಗೆ "ಬ್ಯಾಂಕಿಗೆ ಹಣ ಬಂದರೆ ಡೆಬಿಟ್, ಅಂದರೆ ಖರ್ಚು" ಅಂದಾಗ ತಲೆ ಕೆಡುವುದು ಸಹಜ. ಅಲ್ಲಿ ಖರ್ಚು ಅನ್ನುವುದು ಬದಿಯ ಹೆಸರು ಮಾತ್ರ, ದಿನಬಳಕೆಯ ಖರ್ಚಲ್ಲ. ಈ ಗೊಂದಲ ಬೇಡ ಅಂತಲೇ ನಾನು ಡೆಬಿಟ್, ಕ್ರೆಡಿಟ್ ಅಂತ ಬಳಸುತ್ತೇನೆ.

ಇನ್ನು ನಿಯಮ. ಆಸ್ತಿ ಸಮೀಕರಣದ ಎಡಗಡೆ ಇದೆ. ಹಾಗಾಗಿ ಆಸ್ತಿ ಹೆಚ್ಚಾದರೆ ಎಡಕ್ಕೆ, ಅಂದರೆ ಡೆಬಿಟ್. ಹೊಣೆ, ಬಂಡವಾಳ ಬಲಗಡೆ ಇವೆ. ಅವು ಹೆಚ್ಚಾದರೆ ಬಲಕ್ಕೆ, ಅಂದರೆ ಕ್ರೆಡಿಟ್. ಕಡಿಮೆಯಾದರೆ ಎದುರು ಬದಿಗೆ. ಆದಾಯ ಬಂಡವಾಳವನ್ನು ಹೆಚ್ಚಿಸುತ್ತದೆ, ಅದಕ್ಕೇ ಆದಾಯ ಕ್ರೆಡಿಟ್. ಖರ್ಚು ಬಂಡವಾಳವನ್ನು ಇಳಿಸುತ್ತದೆ, ಅದಕ್ಕೇ ಖರ್ಚು ಡೆಬಿಟ್. ಡ್ರಾಯಿಂಗ್ಸ್ ಡೆಬಿಟ್ ಆಗುವುದೂ ಇದೇ ಕಾರಣಕ್ಕೆ.

ವ್ಯಕ್ತಿ ಖಾತೆ, ವಸ್ತು ಖಾತೆ, ನಾಮಮಾತ್ರ ಖಾತೆ ಅಂತ ವಿಂಗಡಿಸಿ ಮೂರು "ಸುವರ್ಣ ನಿಯಮ" ಕಲಿಸುವ ಹಳೆಯ ಪದ್ಧತಿಯೂ ಇದೆ. ಅದು ತಪ್ಪಲ್ಲ, ಉತ್ತರ ಎರಡರಲ್ಲೂ ಒಂದೇ. ಆದರೆ ಸಮೀಕರಣದಿಂದ ಕಲಿತರೆ ಕಾರಣ ಗೊತ್ತಿರುತ್ತದೆ. ಮರೆತರೂ ಹಾಳೆಯ ಮೂಲೆಯಲ್ಲಿ ಸಮೀಕರಣ ಬರೆದು ಮತ್ತೆ ಕಟ್ಟಿಕೊಳ್ಳಬಹುದು.

ಈಗ ಎಲ್ಲರೂ ಕೇಳುವ ಪ್ರಶ್ನೆ. "ಹಣ ಬಂದಾಗ ಬ್ಯಾಂಕಿನವರು ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ ಅಂತ ಮೆಸೇಜ್ ಕಳಿಸುತ್ತಾರೆ. ನೀವು ನೋಡಿದರೆ ಡೆಬಿಟ್ ಅನ್ನುತ್ತೀರಿ. ಯಾವುದು ಸರಿ?" ಎರಡೂ ಸರಿ. ಆ ಮೆಸೇಜ್ ಬರುವುದು ಬ್ಯಾಂಕಿನ ಪುಸ್ತಕದಿಂದ. ನೀವು ಇಟ್ಟ ಹಣವನ್ನು ಬ್ಯಾಂಕು ನಿಮಗೆ ವಾಪಸ್ ಕೊಡಬೇಕು, ಅಲ್ವಾ? ಅಂದರೆ ಅದು ಬ್ಯಾಂಕಿನ ಹೊಣೆ. ಹೊಣೆ ಹೆಚ್ಚಾದರೆ ಕ್ರೆಡಿಟ್. ಅದೇ ಹಣ ನಿಮ್ಮ ಪುಸ್ತಕದಲ್ಲಿ ಆಸ್ತಿ. ಆಸ್ತಿ ಹೆಚ್ಚಾದರೆ ಡೆಬಿಟ್. ಯಾರ ಪುಸ್ತಕ ಅಂತ ಮೊದಲು ಕೇಳಿಕೊಂಡರೆ ಈ ತೊಡಕು ಇರುವುದೇ ಇಲ್ಲ.

ಪ್ರತಿಯೊಂದನ್ನೂ ಎರಡು ಕಡೆ ಬರೆಯುವ ಈ ಜೋಡಿ ನಮೂದು ಪದ್ಧತಿ ಬಹಳ ಹಳೆಯದು. ಇಟಲಿಯ ಜಿನೋವಾ ನಗರದ 1340ರ ಲೆಕ್ಕಪುಸ್ತಕಗಳಲ್ಲೇ ಇದು ಕಾಣುತ್ತದೆ. 1494ರಲ್ಲಿ ಲೂಕಾ ಪಾಚಿಯೋಲಿ ಎಂಬ ಗಣಿತಜ್ಞ ಸನ್ಯಾಸಿ, ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದ. ಆತ ಇದನ್ನು ಕಂಡುಹಿಡಿದವನಲ್ಲ. ವೆನಿಸ್ ವ್ಯಾಪಾರಿಗಳು ಮಾಡುತ್ತಿದ್ದುದನ್ನು ಎಲ್ಲರಿಗೂ ಸಿಗುವ ಹಾಗೆ ಬರೆದಿಟ್ಟವನು. ಐನೂರು ವರ್ಷ ದಾಟಿದರೂ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು ಒಳಗೆ ಮಾಡುವುದು ಇದನ್ನೇ.

ಹಂತ 4: ಜರ್ನಲ್ ಬರೆಯಿರಿ

ಜರ್ನಲ್ ಅಂದರೆ ದಿನದ ಕ್ರಮದಲ್ಲಿ ಬರೆಯುವ ಮೊದಲ ಪುಸ್ತಕ. ಪ್ರತಿ ವ್ಯವಹಾರಕ್ಕೂ ಯಾವ ಖಾತೆ ಡೆಬಿಟ್, ಯಾವ ಖಾತೆ ಕ್ರೆಡಿಟ್, ಎಷ್ಟು, ಯಾಕೆ ಅಂತ ಒಂದು ಸಾಲಿನ ವಿವರಣೆ ಇರಬೇಕು. ನಮ್ಮ ಎಂಟನ್ನೂ ಬರೆಯೋಣ.

1. ಬ್ಯಾಂಕ್ ಡೆಬಿಟ್ 1,00,000. ಬಂಡವಾಳ ಕ್ರೆಡಿಟ್ 1,00,000.
2. ಬ್ಯಾಂಕ್ ಡೆಬಿಟ್ 50,000. ಬ್ಯಾಂಕ್ ಸಾಲ ಕ್ರೆಡಿಟ್ 50,000.
3. ಗಾಡಿ ಡೆಬಿಟ್ 60,000. ಬ್ಯಾಂಕ್ ಕ್ರೆಡಿಟ್ 60,000.
4. ಖರೀದಿ ಡೆಬಿಟ್ 40,000. ಸರಕು ಕೊಟ್ಟವರು ಕ್ರೆಡಿಟ್ 40,000.
5. ಬಾಡಿಗೆ ಡೆಬಿಟ್ 9,000. ಬ್ಯಾಂಕ್ ಕ್ರೆಡಿಟ್ 9,000.
6. ಬ್ಯಾಂಕ್ ಡೆಬಿಟ್ 15,000, ಗಿರಾಕಿಗಳು ಡೆಬಿಟ್ 30,000. ಮಾರಾಟ ಕ್ರೆಡಿಟ್ 45,000.
7. ಸರಕು ಕೊಟ್ಟವರು ಡೆಬಿಟ್ 25,000. ಬ್ಯಾಂಕ್ ಕ್ರೆಡಿಟ್ 25,000.
8. ಡ್ರಾಯಿಂಗ್ಸ್ ಡೆಬಿಟ್ 5,000. ಬ್ಯಾಂಕ್ ಕ್ರೆಡಿಟ್ 5,000.

ಆರನೆಯದನ್ನು ಹತ್ತಿರದಿಂದ ನೋಡಿ. ಏನು ಬಂತು? ಸ್ವಲ್ಪ ಹಣ, ಉಳಿದದ್ದಕ್ಕೆ ಹಣ ಕೇಳುವ ಹಕ್ಕು. ಎಲ್ಲಿಂದ ಬಂತು? ಮಾರಾಟದಿಂದ. ಡೆಬಿಟ್ ಎರಡು ಖಾತೆಗೆ ಹಂಚಿಹೋಗಿದೆ, ಆದರೂ ಎರಡು ಬದಿಯ ಮೊತ್ತ ಒಂದೇ. ಹಣ ಪೂರ್ತಿ ಬಂದಿಲ್ಲದಿದ್ದರೂ ಮಾರಾಟ ಮಾತ್ರ ಪೂರ್ತಿ 45,000 ಬರೆದಿದ್ದೇವೆ. ಸರಕು ಗಿರಾಕಿಯ ಕೈ ಸೇರಿದಾಗಲೇ ಮಾರಾಟ ಆಯಿತು.

ಏಳನೆಯದು ಇನ್ನೊಂದು ಬಲೆ. ಅಲ್ಲಿ ಹಣ ಹೋಯಿತು, ಆದರೆ ಖರ್ಚು ಆಗಲಿಲ್ಲ. ಹಳೆಯ ಹೊಣೆ ಕರಗಿತು, ಅಷ್ಟೇ. ಮೂರನೆಯದರಲ್ಲೂ 60,000 ಹೋಯಿತು, ಆದರೆ ಒಂದು ಆಸ್ತಿ ಹೋಗಿ ಇನ್ನೊಂದು ಆಸ್ತಿ ಬಂತು. ಹಣ ಹೋದದ್ದೆಲ್ಲ ಖರ್ಚಲ್ಲ, ಹಣ ಬಂದದ್ದೆಲ್ಲ ಆದಾಯವಲ್ಲ. ಸಾಲ ಬಂದಾಗ ಅದನ್ನು ಆದಾಯದಲ್ಲಿ ಬರೆದು ಲಾಭ ತೋರಿಸಿದ ಪುಸ್ತಕ ನಾನು ಕಣ್ಣಾರೆ ನೋಡಿದ್ದೇನೆ.

ಗಾಡಿಯನ್ನು ಕೊಂಡ ಬೆಲೆಗೇ ಬರೆದದ್ದನ್ನೂ ಗಮನಿಸಿ. ಚೌಕಾಸಿ ಮಾಡಿ ಅಗ್ಗಕ್ಕೆ ಸಿಕ್ಕಿತು, ಇದರ ಬೆಲೆ ನಿಜವಾಗಿ 75,000 ಅಂತ ಮಾಲೀಕರಿಗೆ ಅನ್ನಿಸಬಹುದು. ಪುಸ್ತಕಕ್ಕೆ ಬೇಕಾದದ್ದು ಬಿಲ್ಲಿನಲ್ಲಿರುವ ಅಂಕಿ. ಇದು ಮೂಲ ವೆಚ್ಚದ ತತ್ವ. ಅನಿಸಿಕೆ ಒಬ್ಬೊಬ್ಬರದು ಒಂದೊಂದು, ಬಿಲ್ಲನ್ನು ಯಾರು ಬೇಕಾದರೂ ತೆಗೆದು ನೋಡಬಹುದು. ಕೆಲವು ಆಸ್ತಿಗಳನ್ನು ಆಗಿನ ಮಾರುಕಟ್ಟೆ ಬೆಲೆಗೆ ತೋರಿಸುವ ನಿಯಮಗಳೂ ಇವೆ. ಕಲಿಯುವ ಹಂತದಲ್ಲಿ ಮೂಲ ವೆಚ್ಚ ಸಾಕು.

ಹಂತ 5: ಲೆಡ್ಜರ್‌ಗೆ ಏರಿಸಿ

ಜರ್ನಲ್ ನಡೆದ ಕ್ರಮದಲ್ಲಿರುತ್ತದೆ. "ಬ್ಯಾಂಕಿನಲ್ಲಿ ಈಗ ಎಷ್ಟಿದೆ?" ಅಂತ ಅದರಲ್ಲಿ ಹುಡುಕುವುದು ಕಷ್ಟ. ಅದಕ್ಕೇ ಪ್ರತಿ ಖಾತೆಗೂ ಒಂದು ಪುಟ. ಆ ಪುಟಗಳ ಪುಸ್ತಕವೇ ಲೆಡ್ಜರ್, ಕನ್ನಡದಲ್ಲಿ ಖಾತಾವಹಿ. ಪುಟದ ಮಧ್ಯೆ ಒಂದು ಗೆರೆ ಎಳೆದು ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್ ಬರೆಯುತ್ತಾ ಹೋಗಿ. ನಮ್ಮ ಬ್ಯಾಂಕ್ ಖಾತೆ ಹೀಗಿರುತ್ತದೆ:

ಎಡಬದಿ: 1,00,000 + 50,000 + 15,000 = 1,65,000
ಬಲಬದಿ: 60,000 + 9,000 + 25,000 + 5,000 = 99,000
ಉಳಿದದ್ದು: 66,000, ಡೆಬಿಟ್ ಬದಿಯಲ್ಲಿ.

ಉಳಿದ ಖಾತೆಗಳನ್ನು ನೀವೇ ಮಾಡಿ ನೋಡಿ. ಸರಕು ಕೊಟ್ಟವರ ಖಾತೆಯಲ್ಲಿ 15,000 ಕ್ರೆಡಿಟ್ ಉಳಿಯಬೇಕು.

ಹಂತ 6: ಟ್ರಯಲ್ ಬ್ಯಾಲೆನ್ಸ್, ಮತ್ತು ತಾಳೆಯಾಗದಾಗ ಹುಡುಕುವ ದಾರಿ

ಎಲ್ಲ ಖಾತೆಗಳ ಉಳಿಕೆಯನ್ನೂ ಒಂದೇ ಹಾಳೆಗೆ ತಂದು ಕೂಡಿಸುವುದೇ ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ.

ಡೆಬಿಟ್: ಬ್ಯಾಂಕ್ 66,000, ಗಾಡಿ 60,000, ಖರೀದಿ 40,000, ಗಿರಾಕಿಗಳು 30,000, ಬಾಡಿಗೆ 9,000, ಡ್ರಾಯಿಂಗ್ಸ್ 5,000. ಒಟ್ಟು 2,10,000.

ಕ್ರೆಡಿಟ್: ಬಂಡವಾಳ 1,00,000, ಬ್ಯಾಂಕ್ ಸಾಲ 50,000, ಸರಕು ಕೊಟ್ಟವರು 15,000, ಮಾರಾಟ 45,000. ಒಟ್ಟು 2,10,000.

ತಾಳೆಯಾಯಿತು. ಆಗದಿದ್ದರೆ? ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಾಳೆಪಟ್ಟಿ 180 ವ್ಯತ್ಯಾಸ ತೋರಿಸುತ್ತಿತ್ತು. ಎರಡು ದಿನ ಕೂಡಿದ್ದನ್ನೇ ಕೂಡಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಹಾಳೆ ನೋಡಿ, "ಒಂಬತ್ತರಿಂದ ಭಾಗಿಸು" ಅಂದರು. 180ನ್ನು 9ರಿಂದ ಭಾಗಿಸಿದರೆ 20, ಶೇಷ ಇಲ್ಲ. "ಎಲ್ಲೋ ಎರಡು ಅಂಕಿ ಅದಲುಬದಲು ಆಗಿದೆ" ಅಂದರು. ಹುಡುಕಿದರೆ 4,750 ಇರಬೇಕಾದಲ್ಲಿ 4,570 ಬರೆದಿದ್ದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಆ ಹಿರಿಯರ ಮಾತು ಇವತ್ತಿಗೂ ನನಗೆ ಉಪಯೋಗಕ್ಕೆ ಬರುತ್ತಿದೆ.

ಇನ್ನೊಂದು ಉಪಾಯ: ವ್ಯತ್ಯಾಸವನ್ನು ಅರ್ಧ ಮಾಡಿ, ಆ ಅಂಕಿ ಪುಸ್ತಕದಲ್ಲಿ ಇದೆಯಾ ನೋಡಿ. ಡೆಬಿಟ್ ಬರೆಯಬೇಕಾದದ್ದನ್ನು ಕ್ರೆಡಿಟ್ ಬದಿಗೆ ಬರೆದಿದ್ದರೆ ವ್ಯತ್ಯಾಸ ಎರಡರಷ್ಟಾಗಿರುತ್ತದೆ. ಎರಡೂ ಅಲ್ಲದಿದ್ದರೆ ವ್ಯತ್ಯಾಸದಷ್ಟೇ ಇರುವ ಅಂಕಿ ಹುಡುಕಿ, ಒಂದೇ ಬದಿಗೆ ಬರೆದು ಇನ್ನೊಂದು ಬದಿ ಬಿಟ್ಟಿರಬಹುದು.

ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಅಂದುಕೊಳ್ಳಬೇಡಿ. ಗಾಡಿಯ 60,000ವನ್ನು ಬಾಡಿಗೆ ಖಾತೆಗೆ ಬರೆದಿದ್ದರೂ ಪಟ್ಟಿ ತಾಳೆಯಾಗುತ್ತಿತ್ತು. ಒಂದು ಬಿಲ್ಲನ್ನು ಪೂರ್ತಿ ಬಿಟ್ಟಿದ್ದರೂ ಆಗುತ್ತಿತ್ತು. ಅದಕ್ಕೇ ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ನಿಮ್ಮ ಬ್ಯಾಂಕ್ ಖಾತೆಯ ಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಿ. ನೀವು ಕೊಟ್ಟ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿರದೆ ಇರಬಹುದು. ಬ್ಯಾಂಕು ಹಿಡಿದುಕೊಂಡ ಶುಲ್ಕ ನಿಮ್ಮ ಪುಸ್ತಕದಲ್ಲಿ ಇರದೆ ಇರಬಹುದು. ಪ್ರತಿ ವ್ಯತ್ಯಾಸಕ್ಕೂ ಕಾರಣ ಸಿಗುವವರೆಗೆ ಬಿಡಬೇಡಿ.

ಹಂತ 7: ತಿಂಗಳ ಕೊನೆಯ ಹೊಂದಾಣಿಕೆ

ಲೆಕ್ಕದ ನಿಜವಾದ ತಿರುಳು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಇಲ್ಲಿಯವರೆಗೆ ಬರೆದದ್ದು ಕಣ್ಣಿಗೆ ಕಂಡ ವ್ಯವಹಾರ. ಈಗ ಬರೆಯುವುದು ಸದ್ದಿಲ್ಲದೆ ನಡೆದುಹೋದದ್ದನ್ನು.

ಇದರ ಹಿಂದಿನ ತತ್ವ ಎರಡು. ಒಂದು, ಆದಾಯವನ್ನು ಗಳಿಸಿದ ಅವಧಿಗೆ, ಖರ್ಚನ್ನು ಆದ ಅವಧಿಗೆ ಬರೆಯಬೇಕು; ಹಣ ಯಾವಾಗ ಕೈ ಬದಲಾಯಿಸಿತು ಅನ್ನುವುದು ಮುಖ್ಯವಲ್ಲ. ಇದನ್ನು ಅಕ್ರೂಯಲ್ ಪದ್ಧತಿ ಅನ್ನುತ್ತಾರೆ. ಎರಡು, ಒಂದು ಆದಾಯ ಗಳಿಸಲು ಏನು ಖರ್ಚಾಯಿತೋ ಅದನ್ನು ಅದೇ ಆದಾಯದ ಎದುರಿಗೆ ಇಡಬೇಕು. ಇದು ಹೊಂದಿಕೆಯ ತತ್ವ. ಕೇಳಲು ಒಣ ಮಾತು. ನಮ್ಮ ವ್ಯಾಪಾರದಲ್ಲಿ ಇಟ್ಟು ನೋಡಿದರೆ ಜೀವ ಬರುತ್ತದೆ.

ಬಾಡಿಗೆ. 9,000 ಕಟ್ಟಿದ್ದು ಮೂರು ತಿಂಗಳಿಗೆ. ಈ ತಿಂಗಳ ಖರ್ಚು 3,000 ಮಾತ್ರ. ಉಳಿದ 6,000ಕ್ಕೆ ಇನ್ನೂ ಎರಡು ತಿಂಗಳು ಜಾಗ ಬಳಸುವ ಹಕ್ಕು ನಮಗಿದೆ. ಅಂದರೆ ಅದು ಆಸ್ತಿ. ಮುಂಗಡ ಬಾಡಿಗೆ ಡೆಬಿಟ್ 6,000. ಬಾಡಿಗೆ ಕ್ರೆಡಿಟ್ 6,000.

ಸಂಬಳ. ಸಹಾಯಕರೊಬ್ಬರು ತಿಂಗಳ ಕೊನೆಯ ವಾರ ಕೆಲಸ ಮಾಡಿದ್ದಾರೆ. ಅವರ 4,000 ಸಂಬಳ ಮುಂದಿನ ತಿಂಗಳು ಕೊಡುತ್ತೇವೆ. ಕೆಲಸ ಈ ತಿಂಗಳು ಆಗಿದೆ, ಖರ್ಚೂ ಈ ತಿಂಗಳದ್ದೇ. ಸಂಬಳ ಡೆಬಿಟ್ 4,000. ಕೊಡಬೇಕಾದ ಸಂಬಳ ಕ್ರೆಡಿಟ್ 4,000.

ಬಡ್ಡಿ. 50,000ಕ್ಕೆ ವರ್ಷಕ್ಕೆ 12 ಪರ್ಸೆಂಟ್ ಅಂದರೆ 6,000. ತಿಂಗಳಿಗೆ 500. ಬ್ಯಾಂಕು ಇನ್ನೂ ಕೇಳಿಲ್ಲ, ಆದರೂ ಬಡ್ಡಿ ಏರಿದೆ. ಬಡ್ಡಿ ಡೆಬಿಟ್ 500. ಕೊಡಬೇಕಾದ ಬಡ್ಡಿ ಕ್ರೆಡಿಟ್ 500.

ಸವಕಳಿ. ಗಾಡಿ ಐದು ವರ್ಷ ಓಡುತ್ತದೆ, ಕೊನೆಗೆ ಅದಕ್ಕೆ ಬೆಲೆ ಏನೂ ಉಳಿಯುವುದಿಲ್ಲ ಅಂದುಕೊಳ್ಳೋಣ. 60,000ವನ್ನು 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,000. ಸವಕಳಿ ಡೆಬಿಟ್ 1,000. ಗಾಡಿ ಕ್ರೆಡಿಟ್ 1,000. ಜಾಸ್ತಿ ಕಡೆ ಇದನ್ನು ಗಾಡಿ ಖಾತೆಗೆ ನೇರ ಬರೆಯದೆ "ಒಟ್ಟು ಸವಕಳಿ" ಅಂತ ಬೇರೆ ಖಾತೆಗೆ ಬರೆಯುತ್ತಾರೆ, ಮೂಲ ಬೆಲೆ ಕಾಣುತ್ತಿರಲಿ ಅಂತ. ಸವಕಳಿ ಅಂದರೆ ಹೊಸ ಗಾಡಿಗೆ ಹಣ ಕೂಡಿಡುವುದಲ್ಲ. ಗಾಡಿಗೆ ಕೊಟ್ಟ ಬೆಲೆಯನ್ನು ಅದು ದುಡಿಯುವ ಕಾಲಕ್ಕೆ ಹಂಚುವುದು. ಹೀಗೆ ಐದು ವರ್ಷಕ್ಕೆ ಹಂಚುವ ಧೈರ್ಯ ನಮಗೆ ಬರುವುದು ವ್ಯಾಪಾರ ಮುಂದೆಯೂ ನಡೆಯುತ್ತದೆ ಅನ್ನುವ ನಂಬಿಕೆಯಿಂದ. ಆ ನಂಬಿಕೆಯೂ ಒಂದು ತತ್ವ, ವ್ಯವಹಾರ ನಿರಂತರತೆ ಅಂತ. ನಾಳೆಯೇ ವ್ಯಾಪಾರ ಮುಚ್ಚುವುದಾದರೆ ಗಾಡಿ ಮಾರಿದರೆ ಎಷ್ಟು ಸಿಗುತ್ತದೆ ಅನ್ನುವುದೇ ಮುಖ್ಯವಾಗುತ್ತದೆ.

ದಾಸ್ತಾನು. 1,000ದಲ್ಲಿ 750 ಮಾರಿದ್ದೇವೆ. 250 ಉಳಿದಿವೆ. ಲೆಕ್ಕದಲ್ಲಿ ಉಳಿದಿವೆ ಅಂದರೆ ಸಾಲದು, ಸುಮ್ನೆ ನಂಬದೆ ಹೋಗಿ ಎಣಿಸಿ. ಎಣಿಸಿದಾಗ 250 ಸಿಕ್ಕವು, 40ರಂತೆ 10,000. ಹಾಗಾಗಿ ಮಾರಿದ ಸರಕಿನ ವೆಚ್ಚ 40,000ದಲ್ಲಿ 10,000 ಕಳೆದು 30,000. ದಾಸ್ತಾನು ಡೆಬಿಟ್ 10,000. ಖರೀದಿ ಕ್ರೆಡಿಟ್ 10,000.

ಆ 250 ನೋಟ್‌ಬುಕ್ ನೀರು ಬಿದ್ದು ಹಾಳಾಗಿ, ಮಾರಿದರೆ 25 ಮಾತ್ರ ಸಿಗುವಂತಾಗಿದ್ದರೆ? ಆಗ 6,250ಕ್ಕೇ ಬರೆಯಬೇಕು, 3,750 ನಷ್ಟವನ್ನು ಈಗಲೇ ಒಪ್ಪಿಕೊಳ್ಳಬೇಕು. ಬದಲಿಗೆ ಮಾರುಕಟ್ಟೆಯಲ್ಲಿ ಬೆಲೆ ಏರಿ 70 ಆಗಿದ್ದರೆ? ಆಗ 40ಕ್ಕೇ ಬಿಡಬೇಕು. ಮಾರದ ಸರಕಿಗೆ ಲಾಭ ಬರೆಯುವ ಹಾಗಿಲ್ಲ. ಕೊಂಡ ಬೆಲೆ, ಮಾರಿದರೆ ಸಿಗುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಇದನ್ನು ಎಚ್ಚರಿಕೆಯ ತತ್ವ ಅನ್ನುತ್ತಾರೆ. ಹಾಗಂತ ಎಚ್ಚರಿಕೆಯ ಹೆಸರಲ್ಲಿ ಇಲ್ಲದ ನಷ್ಟ ಬರೆದು ಲಾಭ ಮುಚ್ಚಿಡುವುದೂ ತಪ್ಪೇ.

ಉಳಿದ ತತ್ವಗಳನ್ನು ಬೇಗ ಹೇಳಿಬಿಡುತ್ತೇನೆ. ಸವಕಳಿಗೆ ಈ ವರ್ಷ ಒಂದು ವಿಧಾನ, ಮುಂದಿನ ವರ್ಷ ಇನ್ನೊಂದು ವಿಧಾನ ಅಂತ ಸಕಾರಣವಿಲ್ಲದೆ ಬದಲಾಯಿಸಬೇಡಿ. ಎರಡು ವರ್ಷ ಹೋಲಿಸಲು ಆಗುವುದಿಲ್ಲ. ಬದಲಾಯಿಸಲೇಬೇಕಾದರೆ ಅದನ್ನು ಬರೆದು ತಿಳಿಸಿ. ತೀರಾ ಸಣ್ಣ ವಿಷಯಕ್ಕೆ ನಿಯಮ ಹಿಡಿದು ಕೂರಬೇಡಿ: ಐದು ವರ್ಷ ಬರುವ ಸ್ಟೇಪ್ಲರ್‌ಗೆ ಸವಕಳಿ ಹಾಕುವ ಬದಲು ಕೊಂಡ ದಿನವೇ ಖರ್ಚು ಬರೆಯಿರಿ.

ಹಂತ 8: ಲಾಭ-ನಷ್ಟ ಪಟ್ಟಿ ಮತ್ತು ಬ್ಯಾಲೆನ್ಸ್ ಶೀಟ್

ಆದಾಯ, ಖರ್ಚು ಒಂದು ಪಟ್ಟಿಗೆ:

ಮಾರಾಟ 45,000
ಮಾರಿದ ಸರಕಿನ ವೆಚ್ಚ 30,000
ಒಟ್ಟು ಲಾಭ 15,000
ಬಾಡಿಗೆ 3,000, ಸಂಬಳ 4,000, ಬಡ್ಡಿ 500, ಸವಕಳಿ 1,000, ಕೂಡಿದರೆ 8,500
ನಿವ್ವಳ ಲಾಭ 6,500

ಆಸ್ತಿ, ಹೊಣೆ, ಬಂಡವಾಳ ಇನ್ನೊಂದಕ್ಕೆ:

ಆಸ್ತಿ: ಬ್ಯಾಂಕ್ 66,000, ಗಾಡಿ 59,000, ಗಿರಾಕಿಗಳು 30,000, ದಾಸ್ತಾನು 10,000, ಮುಂಗಡ ಬಾಡಿಗೆ 6,000. ಒಟ್ಟು 1,71,000.

ಹೊಣೆ: ಬ್ಯಾಂಕ್ ಸಾಲ 50,000, ಸರಕು ಕೊಟ್ಟವರು 15,000, ಸಂಬಳ 4,000, ಬಡ್ಡಿ 500. ಒಟ್ಟು 69,500.

ಬಂಡವಾಳ: ಹಾಕಿದ್ದು 1,00,000, ಲಾಭ 6,500 ಸೇರಿಸಿ, ಡ್ರಾಯಿಂಗ್ಸ್ 5,000 ಕಳೆದು 1,01,500.

69,500ಕ್ಕೆ 1,01,500 ಕೂಡಿಸಿ. 1,71,000. ಮೊದಲ ಹಂತದಲ್ಲಿ ಬರೆದ ಸಮೀಕರಣ ಹಾಗೇ ನಿಂತಿದೆ.

ಲಾಭ-ನಷ್ಟ ಪಟ್ಟಿ ಒಂದು ಅವಧಿಯ ಕಥೆ ಹೇಳುತ್ತದೆ, ಅದಕ್ಕೇ ಅದರ ತಲೆಯಲ್ಲಿ "ಈ ತಿಂಗಳಿಗೆ" ಅಂತ ಬರೆಯುತ್ತೇವೆ. ಬ್ಯಾಲೆನ್ಸ್ ಶೀಟ್ ಒಂದು ದಿನದ ಸ್ಥಿತಿ ಹೇಳುತ್ತದೆ, ಅದರ ಮೇಲೆ "ಇಂತಹ ತಾರೀಖಿನಂದು" ಅಂತ ಇರುತ್ತದೆ.

ಈಗ ಶುರುವಿನ ಪ್ರಶ್ನೆಗೆ ಬರೋಣ. ಲಾಭ 6,500, ಬ್ಯಾಂಕಿನಲ್ಲಿ 66,000. ವ್ಯಾಪಾರದಿಂದಲೇ ಎಷ್ಟು ಹಣ ಬಂತು ನೋಡಿ: ಗಿರಾಕಿಗಳಿಂದ 15,000 ಬಂತು, ಸರಕಿಗೆ 25,000 ಹೋಯಿತು, ಬಾಡಿಗೆಗೆ 9,000 ಹೋಯಿತು. ಬಂದದ್ದಕ್ಕಿಂತ 19,000 ಜಾಸ್ತಿ ಹೋಗಿದೆ. ಲಾಭ ಇದೆ, ಆದರೆ ವ್ಯಾಪಾರ ಹಣ ತಿನ್ನುತ್ತಿದೆ. ಬ್ಯಾಂಕಿನಲ್ಲಿ 66,000 ಕಾಣುತ್ತಿರುವುದು ಮಾಲೀಕರ ಮತ್ತು ಸಾಲದ ಹಣದಿಂದ. ಗಿರಾಕಿಗಳ 30,000 ಬೇಗ ವಸೂಲಾಗದಿದ್ದರೆ ಇದೇ ಲಾಭದ ವ್ಯಾಪಾರ ಕೆಲವು ತಿಂಗಳಲ್ಲಿ ಬಾಡಿಗೆ ಕಟ್ಟಲು ಪರದಾಡಬಹುದು. ಮಾಲೀಕರು ಇವತ್ತೇ ಮಾಡಬೇಕಾದ ಕೆಲಸ ಬಾಕಿ ಕೇಳುವುದು. ಇದು ಬ್ಯಾಂಕ್ ಬ್ಯಾಲೆನ್ಸ್ ನೋಡಿದರೆ ತಿಳಿಯುತ್ತಿರಲಿಲ್ಲ, ಲಾಭದ ಅಂಕಿ ಒಂದನ್ನೇ ನೋಡಿದರೂ ತಿಳಿಯುತ್ತಿರಲಿಲ್ಲ.

ಹಂತ 9: ಪುಸ್ತಕ ಮುಚ್ಚಿ, ಮತ್ತೆ ತೆರೆಯಿರಿ

ಸಾಮಾನ್ಯವಾಗಿ ಖಾತೆಗಳನ್ನು ಮುಚ್ಚುವುದು ವರ್ಷದ ಕೊನೆಗೆ. ಇಲ್ಲಿ ಅಭ್ಯಾಸಕ್ಕಾಗಿ ತಿಂಗಳನ್ನೇ ಲೆಕ್ಕದ ಅವಧಿ ಅಂತ ಇಟ್ಟುಕೊಂಡಿದ್ದೇವೆ. ಮಾರಾಟ, ಖರೀದಿ, ಬಾಡಿಗೆ, ಸಂಬಳ, ಬಡ್ಡಿ, ಸವಕಳಿ ಖಾತೆಗಳನ್ನೆಲ್ಲ ಲಾಭ-ನಷ್ಟ ಖಾತೆಗೆ ವರ್ಗಾಯಿಸಿ ಸೊನ್ನೆ ಮಾಡಿ. ಅಲ್ಲಿ ಉಳಿದ 6,500ವನ್ನು ಬಂಡವಾಳಕ್ಕೆ ಸೇರಿಸಿ, ಡ್ರಾಯಿಂಗ್ಸ್ 5,000ವನ್ನೂ ಅದರಲ್ಲೇ ಕಳೆಯಿರಿ. ಆಸ್ತಿ, ಹೊಣೆ, ಬಂಡವಾಳ ಖಾತೆಗಳು ಮಾತ್ರ ಅವುಗಳ ಉಳಿಕೆ ಸಮೇತ ಹೊಸ ಪುಟಕ್ಕೆ ಹೋಗುತ್ತವೆ. ಎರಡನೇ ತಿಂಗಳ ಮೊದಲ ದಿನ ಮಾರಾಟದ ಪುಟ ಖಾಲಿ. ಬ್ಯಾಂಕ್ ಪುಟದ ಎಡಬದಿಯಲ್ಲಿ ಮೊದಲ ಸಾಲು 66,000. ಬಂಡವಾಳದ ಪುಟದ ಬಲಬದಿಯಲ್ಲಿ ಮೊದಲ ಸಾಲು 1,01,500. ಆ ದಿನ ಸಹಾಯಕರಿಗೆ ಅವರ 4,000 ಕೊಟ್ಟರೆ ಏನು ಬರೆಯುತ್ತೀರಿ, ಯೋಚಿಸಿ. ಸಂಬಳ ಖಾತೆಗೆ ಅಲ್ಲ, ಅದನ್ನು ಹೋದ ತಿಂಗಳೇ ಬರೆದಾಗಿದೆ. ಕೊಡಬೇಕಾದ ಸಂಬಳ ಡೆಬಿಟ್ 4,000. ಬ್ಯಾಂಕ್ ಕ್ರೆಡಿಟ್ 4,000.